ಒಳಗೇನು ಹಾಕಿದ್ದಾರೆ

ಮೊದಲ ಸಲ ನಾನು ಆ ಬಿಡಾರಕ್ಕೆ ಹೋದಾಗ ಅಲ್ಲಿ ಹೆಂಗಸರೇ ಇರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು. ಹಗ್ಗದ ಮಂಚದ ಮೇಲೆ ಪುಟ್ಟ ಹುಡುಗಿಯೊಂದು ಅರ್ಧ ಹೆಣೆದ ಜಡೆ ಹಿಡಿದುಕೊಂಡು ಕೂತಿತ್ತು, ಹೆಣೆಯುತ್ತಿದ್ದವಳು ಮಾಯವಾಗಿದ್ದಳು. ಆಸ್ಪತ್ರೆಯ ಬಿಳಿ ವ್ಯಾನು ಕಂಡ ಕೂಡಲೇ ಎಲ್ಲರೂ ಹುಲ್ಲಿನ ಗುಡಿಸಲುಗಳ ಹಿಂದೆ ಸೇರಿಕೊಂಡಿದ್ದರು. ಎಮ್ಮೆಯ ಮೈಮೇಲೆ ಒಣಗಿದ ಸಗಣಿ ಕೆರೆದು ತೆಗೆಯುತ್ತಿದ್ದ ಮುದುಕಿಯೊಬ್ಬಳು ಮಾತ್ರ ನಿಂತ ಜಾಗ ಬಿಟ್ಟು ಕದಲಲಿಲ್ಲ.

"ಹೆಂಗಸರೆಲ್ಲ ಎಲ್ಲಿ ಅಮ್ಮಾ?" ಅಂದೆ.

"ಇಲ್ಲ."

"ಎಲ್ಲಿಗೆ ಹೋಗಿದ್ದಾರೆ?"

"ಹೋಗಿದ್ದಾರೆ."

ಗುಡಿಸಲ ಹಿಂದೆ ಒಂದು ಕೂಸು ಅಳಲು ಶುರುಮಾಡಿತು. ಯಾರೋ ತಕ್ಷಣ ಅದರ ಬಾಯಿ ಮುಚ್ಚಿದರು. ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಸುಳ್ಳು ನನಗೆ ಗೊತ್ತಾಗಿದೆ ಎಂಬುದು ಅವಳಿಗೂ ಗೊತ್ತಿತ್ತು, ಅದರಿಂದ ಅವಳಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ.

ನಾನು ದಾವಣಗೆರೆಯಲ್ಲಿ ಡಾಕ್ಟರಿಕೆ ಓದಿ, ಗಂಡನಿಗೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕೆಲಸವೆಂದು ಇಲ್ಲಿಗೆ ಬಂದವಳು. ಮನೆ ಇರುವುದು ಘಾಜಿಯಾಬಾದಿನಲ್ಲಿ. ಅಲ್ಲೇ ಒಂದು ಟ್ರಸ್ಟಿನ ಸಣ್ಣ ಆಸ್ಪತ್ರೆಯಲ್ಲಿ ಹೆಂಗಸರ ಕಾಯಿಲೆ ನೋಡುತ್ತೇನೆ. ವಾರಕ್ಕೊಮ್ಮೆ ವ್ಯಾನಿನಲ್ಲಿ ಸುತ್ತಮುತ್ತಲ ಬಡ ವಸತಿಗಳಿಗೆ ಹೋಗುವುದು ಕೆಲಸದ ಒಂದು ಭಾಗ. ಹಿಂಡನ್ ನದಿಯ ದಂಡೆಯಲ್ಲಿ ಚಳಿಗಾಲ ಕಳೆಯಲು ಕೆಲವು ಮುಸ್ಲಿಂ ಗುಜ್ಜರ್ ಕುಟುಂಬಗಳು ಎಮ್ಮೆಗಳ ಜೊತೆ ಬಂದು ಬಿಡಾರ ಹೂಡುತ್ತಿದ್ದವು. ಬೇಸಿಗೆ ಬಂದರೆ ಬೆಟ್ಟಕ್ಕೆ ಹೊರಡುವ ಜನ. ಊರಲ್ಲದ ಕಡೆ ಇರುವವರಾದ್ದರಿಂದ ಯಾವ ಆಶಾ ಕಾರ್ಯಕರ್ತೆಯ ಪಾಲಿಗೂ ಅವರು ಸೇರಿರಲಿಲ್ಲ. ಹಾಗಾಗಿ ನಮ್ಮ ಪಾಲಿಗೆ ಬಂದರು.

ನನ್ನ ಜೊತೆ ವ್ಯಾನಿನಲ್ಲಿ ಬರುತ್ತಿದ್ದ ನರ್ಸು ಇದೇ ಜಿಲ್ಲೆಯವಳು, ಚುರುಕು ನಾಲಿಗೆ. "ಮೇಡಂ, ಇವರ ಹತ್ತಿರ ಬಾಯಿ ನೋಯಿಸ್ಕೊಬೇಡಿ. ಪೋಲಿಯೊ ಹನಿಗೂ ಓಡಿಹೋಗ್ತಾರೆ, ಕಬ್ಬಿಣದ ಮಾತ್ರೆಗೂ ಓಡಿಹೋಗ್ತಾರೆ. ಏನು ಕೊಟ್ರೂ ಮಕ್ಕಳಾಗೋದು ನಿಲ್ಲಿಸೋಕೇ ಕೊಟ್ಟಿದ್ದು ಅಂತಾರೆ" ಅಂದಳು. ಮೂರ್ನಾಲ್ಕು ವಾರ ಹೋದಮೇಲೆ ಮಾತ್ರೆಗಳನ್ನೇನೋ ಈಸಿಕೊಳ್ಳತೊಡಗಿದರು. ಆದರೆ ಒಂದು ದಿನ ಒಲೆಯ ಬೂದಿಯಲ್ಲಿ ಕೆಂಪು ಮಾತ್ರೆಗಳು ಅರೆಬರೆ ಸುಟ್ಟು ಬಿದ್ದಿದ್ದು ಕಂಡೆ. ನನಗೆ ಸಿಟ್ಟು ಬಂತು. ಆ ಹೆಂಗಸರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ರಕ್ತದ ಬಣ್ಣವೇ ಇರುತ್ತಿರಲಿಲ್ಲ.

"ಬೇಡದಿದ್ರೆ ಬೇಡ ಅನ್ನಿ ಅಮ್ಮಾ. ತಗೊಂಡು ಬೆಂಕಿಗೆ ಯಾಕೆ ಹಾಕ್ತೀರಿ?" ಅಂದೆ ಮುದುಕಿಗೆ.

ಮುದುಕಿ ತಮ್ಮ ಗೋಜ್ರಿ ಭಾಷೆ ಬೆರೆತ ಹಿಂದಿ ಮಾತಾಡುತ್ತಿದ್ದಳು, ನಾನು ಕನ್ನಡ ಬೆರೆತ ಹಿಂದಿ. ಆದರೂ ಅವತ್ತು ಅವಳಂದದ್ದು ಒಂದಕ್ಷರ ಬಿಡದೆ ಅರ್ಥವಾಯಿತು.

"ನನ್ನ ಮಗ ನಿಮ್ಮ ಬಿಲ್ಡಿಂಗುಗಳಿಗೆ ಹಾಲು ಹಾಕ್ತಾನೆ. ನಿಮ್ಮ ಹೆಂಗಸರು ಬೆರಳು ಅದ್ದಿ ನೋಡ್ತಾರೆ, ನೆಲದ ಮೇಲೆ ಹನಿ ಹಾಕಿ ನೋಡ್ತಾರೆ, ಭಯ್ಯಾ ನೀರು ಹಾಕಿದ್ಯಾ ಅಂತ ದಿನಾ ಕೇಳ್ತಾರೆ. ಅವನು ಸಿಟ್ಟು ಮಾಡ್ಕೊಳಲ್ಲ. ನಾನು ನಿನ್ನ ಗೋಲಿ ಬೆಂಕಿಗೆ ಹಾಕಿ ನೋಡಿದ್ರೆ ನಿನಗೆ ಸಿಟ್ಟು ಬರುತ್ತೆ."

ಮುದುಕಿ ಒಂದು ಮಾತ್ರೆ ನನ್ನ ಕೈಗೆ ಕೊಟ್ಟು "ನುಂಗು" ಅಂದಳು. ಅವಳ ತಂಬಿಗೆಯ ನೀರಿನಲ್ಲೇ ನುಂಗಿದೆ. "ಅಚ್ಛಾ. ಮುಂದಿನ ವಾರ ಬಾ, ನೋಡೋಣ" ಅಂದಳು.

ಮುಂದಿನ ವಾರ ಹೋದಾಗ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಮುಚ್ಚುಮರೆಯಿಲ್ಲದೆ ಕೇಳಿದಳು: "ಮುಟ್ಟು ಸರಿಯಾಗಿ ಆಯ್ತಾ?"

"ನನಗೆ ನಿಂತುಹೋಗಿ ಎರಡು ವರ್ಷ ಆಯ್ತಮ್ಮಾ."

"ಹಾಗಿದ್ರೆ ನೀನು ನುಂಗಿ ಏನು ಗೊತ್ತಾಗುತ್ತೆ ನನಗೆ?"

ಗುಡಿಸಲ ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ಮುದುಕಿಯ ಸೊಸೆಯನ್ನು ನಾನು ಮೊದಲು ನೋಡಿದ್ದು ಆಗ. ಇಪ್ಪತ್ತೈದರ ಆಸುಪಾಸಿನ ಹೆಂಗಸು, ಎತ್ತರ, ಬಿಳಿಚಿದ ಮುಖ. ಅರ್ಧ ಹೆಣೆದ ಜಡೆಯ ಹುಡುಗಿ ಅವಳ ಮಗಳೇ. ಕತ್ತಿನಲ್ಲಿ ಕಪ್ಪು ದಾರಕ್ಕೆ ಪೋಣಿಸಿದ ತಾಯತಗಳ ಗೊಂಚಲು. ಆ ಬಿಡಾರದಲ್ಲಿ ಅಷ್ಟೊಂದು ತಾಯತ ಬೇರೆ ಯಾರ ಕೊರಳಲ್ಲೂ ಇರಲಿಲ್ಲ.

ಕಾರಣ ತಿಳಿಯಲು ಇನ್ನಷ್ಟು ವಾರಗಳು ಬೇಕಾದವು. ಮಗಳು ಹುಟ್ಟಿ ನಾಲ್ಕು ವರ್ಷವಾದರೂ ಅವಳಿಗೆ ಮತ್ತೆ ಬಸಿರು ನಿಂತಿರಲಿಲ್ಲ. ತಿಂಗಳ ಮುಟ್ಟು ಮಾತ್ರ ವಾರ ಕಳೆದರೂ ನಿಲ್ಲದೆ ಹರಿಯುತ್ತಿತ್ತು, ಕಿಬ್ಬೊಟ್ಟೆ ಹಿಂಡುತ್ತಿತ್ತು. ಗಂಡನಿಗೆ ಎರಡನೇ ಹೆಂಡತಿಯಾಗಿ ಚಿಕ್ಕಪ್ಪನ ಕಡೆಯ ಒಂದು ಹುಡುಗಿಯನ್ನು ತರುವ ಮಾತು ಬಿಡಾರದಲ್ಲಿ ಓಡಾಡುತ್ತಿತ್ತು. ಸೊಸೆ ಇದನ್ನು ನನಗೆ ಹೇಳಲಿಲ್ಲ. ಹೇಳಿದವಳು ಮುದುಕಿ, ಅದೂ ನನ್ನನ್ನು ಗದರಿಸುವ ದನಿಯಲ್ಲಿ.

"ಅವಳಿಗೆ ಆಸ್ಪತ್ರೆಯಲ್ಲಿ ಏನೋ ಮಾಡಿದ್ದಾರೆ."

"ಯಾವ ಆಸ್ಪತ್ರೆ?"

"ಬೆಟ್ಟದಿಂದ ಇಳಿಯೋವಾಗ ದಾರೀಲಿ ನೋವು ಶುರುವಾಯ್ತು. ಯಾವುದೋ ಊರು. ಅಲ್ಲಿ ಸೇರಿಸಿದ್ವಿ. ನನ್ನನ್ನ ಬಾಗಿಲ ಹೊರಗೆ ನಿಲ್ಲಿಸಿದ್ರು. ಮಗು ಹೊರಗೆ ಬಂದ ಮೇಲೂ ಒಳಗೆ ಬಿಡಲಿಲ್ಲ. ಅಷ್ಟೊತ್ತು ಒಳಗೆ ಏನು ಮಾಡ್ತಿದ್ರು?"

ಆಪರೇಷನ್ ಮಾಡಿ ಮಕ್ಕಳಾಗದ ಹಾಗೆ ಮಾಡಿದ್ದಾರೆ ಎಂಬುದು ಅವಳ ಅನುಮಾನ. ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿದೆಯೇ ಎಂದು ಕೇಳಿದೆ. ಇಲ್ಲ ಅಂದಳು. ಗುರುತಿಲ್ಲದೆ ಆ ಆಪರೇಷನ್ ಆಗುವುದಿಲ್ಲ ಎಂದು ಸಮಾಧಾನ ಹೇಳಿದೆ. ವ್ಯಾನು ಹತ್ತಿದ ಮೇಲೆ ನರ್ಸು, "ನೋಡಿದ್ರಾ? ಬಸಿರಾಗದಿದ್ರೆ ಆಸ್ಪತ್ರೆ ತಪ್ಪು, ಬಸಿರಾದ್ರೆ ಪೀರ್ ಬಾಬಾನ ದಯೆ" ಅಂದಳು. ನಾನು ಹೂಂಗುಟ್ಟಿದೆ. ನನಗೂ ಹಾಗೇ ಅನ್ನಿಸಿತ್ತು.

ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಇದನ್ನೆಲ್ಲ ಹೇಳಿದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕಾಲೇಜಿನ ಮೊದಲ ವರ್ಷ. "ಅಮ್ಮಾ, ಅವರು ನಿನ್ನನ್ನ ಟ್ರಸ್ಟ್ ಯಾಕೆ ಮಾಡ್ಬೇಕು? ಸೋಚೋ ನಾ, ಯೋಚನೆ ಮಾಡು. ನಾನು ಹುಟ್ಟಿದಾಗ ನಿನಗೆ ಯಾವ ಇಂಜೆಕ್ಷನ್ ಕೊಟ್ರು ಅಂತ ನಿನಗೆ ಗೊತ್ತಿತ್ತು. ಅವಳಿಗೆ?" ಅಂದಳು.

ನಿಜ. ಪ್ರತಿ ಸೂಜಿಯ ಹೆಸರು, ಅಳತೆ ಎಲ್ಲ ನನಗೆ ಗೊತ್ತಿತ್ತು. ನರ್ಸು ಒಂದು ಔಷಧಿ ತಡಮಾಡಿ ತಂದಾಗ ಮಲಗಿದಲ್ಲಿಂದಲೇ ರೇಗಿದ್ದೆ.

ಸೊಸೆಯನ್ನು ಆಸ್ಪತ್ರೆಗೆ ಕರೆತನ್ನಿ, ಒಳಗೆ ಪರೀಕ್ಷೆ ಮಾಡಿ ನೋಡುತ್ತೇನೆ ಅಂದಾಗ ಮುದುಕಿ ಒಪ್ಪಲಿಲ್ಲ. ಮೊದಲು ಒಬ್ಬಳೇ ಬಂದಳು. ನನ್ನ ಕೋಣೆಯನ್ನು ಸುತ್ತು ಹಾಕಿ ನೋಡಿದಳು. ಪರದೆ ಸರಿಸಿದಳು, ಮೇಜಿನ ಕೆಳಗೆ ಬಗ್ಗಿದಳು, ಡೆಟಾಲ್ ಬಾಟಲಿ ಮೂಸಿದಳು, ಸ್ಟೀಲಿನ ಉಪಕರಣಗಳನ್ನು ಒಂದೊಂದಾಗಿ ತೋರಿಸಿ ಇದು ಏನಕ್ಕೆ, ಇದು ಏನಕ್ಕೆ ಎಂದು ಕೇಳಿದಳು. ನಂತರ ಷರತ್ತು ಹಾಕಿದಳು. ಪರೀಕ್ಷೆ ಮಾಡುವಾಗ ತಾನು ಒಳಗೇ ಇರಬೇಕು. ನರ್ಸು ಹೊರಗಿರಬೇಕು. ನೋಡುವುದು ಮಾತ್ರ, ಏನನ್ನೂ ಹಾಕುವಂತಿಲ್ಲ.

ಆ ದಿನ ಅತ್ತೆ ಸೊಸೆ ಇಬ್ಬರೂ ಆಟೋದಲ್ಲಿ ಬಂದರು. ಸೊಸೆ ಮೇಜಿನ ಮೇಲೆ ಮಲಗಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. ಅತ್ತೆ ಅವಳ ತಲೆಯ ಹತ್ತಿರ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದಳು. "ಕೈ ತೋರಿಸು" ಅಂದಳು. ಗ್ಲೌಸು ಹಾಕಿದ ಎರಡೂ ಕೈ ತಿರುಗಿಸಿ ತೋರಿಸಿದೆ.

ದೀಪ ಸರಿಮಾಡಿಕೊಂಡು ನೋಡಿದೆ. ಗರ್ಭಕೋಶದ ಬಾಯಿಯಲ್ಲಿ ಸಣ್ಣ ದಾರದ ಎರಡು ತುದಿಗಳು ಕಂಡವು.

ಒಂದು ಗಳಿಗೆ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಅದು ಕಾಪರ್-ಟಿ, ನಮ್ಮ ಕಡೆ ವಂಕಿ ಅನ್ನುವುದು. ಹೆರಿಗೆಯಾದ ಕೂಡಲೇ, ಮಾಸು ಬಿದ್ದ ಬೆನ್ನಿಗೆ ಅದನ್ನು ಹಾಕುವ ಪದ್ಧತಿಯಿದೆ. ಒಳ್ಳೆಯ ಪದ್ಧತಿಯೇ. ನಾನೇ ಎಷ್ಟೋ ಜನಕ್ಕೆ ಹಾಕಿದ್ದೇನೆ, ಕೇಳಿ, ವಿವರಿಸಿ, ಒಪ್ಪಿದ ಮೇಲೆ. ಇವಳನ್ನು ಯಾರೂ ಕೇಳಿರಲಿಲ್ಲವೇ? ಅಥವಾ ಇವಳೇ ಒಪ್ಪಿ, ಅತ್ತೆಗೆ ಹೇಳದೆ ಇಟ್ಟುಕೊಂಡಿದ್ದಾಳೆಯೇ? ಹಾಗಿದ್ದರೆ ನಾನು ಬಾಯಿ ಬಿಟ್ಟ ಮರುಕ್ಷಣ ಇವಳ ಬದುಕು ಮುಗಿಯಿತು. ಅವಳ ಮುಖ ನೋಡೋಣವೆಂದರೆ ದುಪಟ್ಟಾ ಮುಚ್ಚಿತ್ತು.

ಏನು ಹೇಳುವುದಿದ್ದರೂ ಮೊದಲು ಅವಳೊಬ್ಬಳಿಗೇ ಹೇಳಬೇಕು. "ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಅಂದೆ.

ಹೇಳಬಾರದ ಮಾತೇ ಅದಾಗಿತ್ತು. ಮುದುಕಿಯ ಮುಖ ಕಲ್ಲಾಯಿತು. "ಅವತ್ತೂ ಹೀಗೇ ಅಂದ್ರು. ಹೊರಗೆ ಕೂತಿರು ಅಂತ. ನಾನು ಹೋಗಲ್ಲ. ಏನು ನೋಡಿದೆ ನೀನು? ನಿನ್ನ ಮುಖ ಬದಲಾಯ್ತು."

ಬೇರೆ ದಾರಿ ಕಾಣಲಿಲ್ಲ. ಸೊಸೆಯ ಕಿವಿಯ ಹತ್ತಿರ ಬಗ್ಗಿ ಕೇಳಿದೆ. "ನಿನ್ನ ವಿಷಯ. ನಿನ್ನ ಅತ್ತೆಯ ಎದುರಿಗೆ ಹೇಳಲಾ, ಬೇಡವಾ? ನೀನು ಬೇಡ ಅಂದ್ರೆ ಹೇಳಲ್ಲ."

ಅವಳು ದುಪಟ್ಟಾ ಸರಿಸಿ ಎದ್ದು ಕೂತಳು. "ಹೇಳಿ ಅಕ್ಕಾ. ನಾನೇನೂ ಮಾಡಿಲ್ಲ."

ಹೇಳಿದೆ. ಡ್ರಾಯರಿನಿಂದ ಹೊಸದೊಂದು ಕಾಪರ್-ಟಿ ತೆಗೆದು ಪ್ಯಾಕೆಟ್ಟಿನೊಳಗೇ ತೋರಿಸಿದೆ. ಇಂಥದ್ದು ಒಳಗಿದೆ, ಇದಿರುವ ತನಕ ಬಸಿರು ನಿಲ್ಲುವುದಿಲ್ಲ, ರಕ್ತ ಹೆಚ್ಚು ಹೋಗುವುದಕ್ಕೂ ಇದೇ ಕಾರಣವಿರಬಹುದು, ತೆಗೆದರೆ ಮತ್ತೆ ಮಕ್ಕಳಾಗಬಹುದು. ಮುದುಕಿ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ನಂತರ ಸೊಸೆಯತ್ತ ತಿರುಗಿದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿದ್ರೆ ನಾಲ್ಕು ವರ್ಷ ಇಷ್ಟು ತಾಯತ ಹೊತ್ಕೊಂಡು ಬೆಟ್ಟ ಹತ್ತಿ ಇಳೀತಿದ್ನಾ?"

ಮುದುಕಿ ನನ್ನತ್ತ ತಿರುಗಿದಳು. "ನೀನು ಈಗ ತಾನೇ ಹಾಕಿಲ್ಲ ಅಂತ ಏನು ಗ್ಯಾರಂಟಿ? ನಿನ್ನ ಡ್ರಾಯರಿನಲ್ಲೇ ಇತ್ತಲ್ಲ."

ನನಗೆ ಅಳು ಬರುವುದೊಂದು ಬಾಕಿ. "ಈಗಲೇ ತೆಗೀತೀನಿ, ನೀವೇ ನೋಡಿ. ಹಳೇದೋ ಹೊಸದೋ ನಿಮಗೇ ತಿಳಿಯುತ್ತೆ" ಅಂದು ಇಕ್ಕಳಕ್ಕೆ ಕೈ ಹಾಕಿದೆ. ಸೊಸೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಇವತ್ತು ಬೇಡ."

ಅತ್ತೆ, ನಾನು ಇಬ್ಬರೂ ಅವಳ ಮುಖ ನೋಡಿದೆವು.

"ಇವತ್ತು ತೆಗೆದ್ರೆ ನಾಳೆ ಯಾರು ನಂಬ್ತಾರೆ ಒಳಗಿತ್ತು ಅಂತ? ಇಬ್ಬರೂ ಸೇರಿ ಕಥೆ ಕಟ್ಟಿದ್ದಾರೆ ಅಂತಾರೆ. ಮಗುವಿನ ಅಪ್ಪ ಬರಲಿ. ಒಳಗಿರೋವಾಗಲೇ ನೋಡಲಿ. ಆಮೇಲೆ ತೆಗೀರಿ."

ನಾನು ಅವಳನ್ನು ಪಾಪದವಳೆಂದುಕೊಂಡಿದ್ದೆ. ಗುಡಿಸಲ ಬಾಗಿಲಲ್ಲಿ ನಿಂತು ನಕ್ಕವಳಿಗೆ ತನ್ನ ಮನೆಯವರ ಅಳತೆ ಚೆನ್ನಾಗಿ ಗೊತ್ತಿತ್ತು.

ಮತ್ತೊಂದು ದಿನ ಅತ್ತೆ ಸೊಸೆಯರ ಜೊತೆ ಗಂಡ ಬಂದ. ಹಾಲಿನ ಮೋಟಾರ್ ಸೈಕಲನ್ನು ಗೇಟಿನ ಹೊರಗೆ ನಿಲ್ಲಿಸಿ, ಹೆಂಗಸರ ಆಸ್ಪತ್ರೆಯೊಳಗೆ ಬರಲು ನಾಚಿಕೆಪಟ್ಟು ಬಹಳ ಹೊತ್ತು ಅಲ್ಲೇ ನಿಂತಿದ್ದ. ನಾನು ವಿವರಿಸಿದ್ದನ್ನು ತಲೆ ತಗ್ಗಿಸಿ ಕೇಳಿಸಿಕೊಂಡು, "ಬಾಯಿಮಾತು ಬೇಡ, ತೋರಿಸಿ" ಅಂದ. ಪಕ್ಕದ ರಸ್ತೆಯ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದೆ. ಕಪ್ಪು ಪರದೆಯ ಮೇಲೆ ಬಿಳಿ ಗೆರೆಯಾಗಿ ಅದು ಕಂಡಿತು. ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ.

"ನೀವು ಎಲ್ಲರಿಗೂ ಹೀಗೇ ಮಾಡ್ತೀರಾ?" ಎಂದು ನನ್ನನ್ನು ಕೇಳಿದ.

ನಾನಲ್ಲ, ಬೇರೆ ಯಾರೋ ಮಾಡಿದ್ದು ಎಂದು ಹೇಳಬಹುದಿತ್ತು. ಹೇಳಲೂ ಹೊರಟೆ. ಅವನ ಕಣ್ಣಿಗೆ ಬಿಳಿ ಕೋಟು ಹಾಕಿದವರೆಲ್ಲ ಒಂದೇ ಮನೆಯವರು. "ಮಾಡಬಾರದು. ಇವಳಿಗೆ ಮಾಡಿದ್ದು ತಪ್ಪು" ಅಂದೆ. ಅವನು ಹೆಂಡತಿಯನ್ನು ನೋಡಲಿಲ್ಲ. ಹೊರಗೆ ಹೋಗಿ ಚಹಾ ತಂದು, ಅವಳ ಕೈಗೊಂದು ಲೋಟ ಕೊಟ್ಟು, ತಾನು ಕುಡಿಯದೆ ಗೋಡೆಗೆ ಒರಗಿ ನಿಂತ. ಚಿಕ್ಕಪ್ಪನ ಕಡೆಯ ಹುಡುಗಿಯ ಮಾತು ಅಲ್ಲಿಗೆ ನಿಂತಿತೆಂದು ಆಮೇಲೆ ತಿಳಿಯಿತು.

ಅದನ್ನು ತೆಗೆದದ್ದು ಅದೇ ದಿನ. ಎಳೆದ ಕೂಡಲೇ ಬಂತು. ತಾಮ್ರದ ತಂತಿ ಕಪ್ಪಾಗಿತ್ತು, ದಾರದ ಬಣ್ಣ ಹೋಗಿತ್ತು. ಹೊಸದರ ಪಕ್ಕದಲ್ಲಿಟ್ಟು ಮುದುಕಿ ಎರಡನ್ನೂ ಹೋಲಿಸಿ ನೋಡಿದಳು. "ಹಳೇದೇ" ಅಂದಳು. ನನ್ನ ಬಗ್ಗೆ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು. ತೊಳೆದು ಕೊಡು ಅಂದಳು, ಕೊಟ್ಟೆ. ಸೆರಗಿನ ಹಾಗೆ ಇಳಿಬಿಟ್ಟ ಓಢನಿಯ ತುದಿಗೆ ಗಂಟು ಹಾಕಿಕೊಂಡು ಹೋದಳು.

ಅವಳು ಅದನ್ನು ನದಿಯ ದಂಡೆಯುದ್ದಕ್ಕೂ ಗುಡಿಸಲಿಂದ ಗುಡಿಸಲಿಗೆ ಒಯ್ದು ತೋರಿಸಿದಳು. ಮುಂದಿನ ವಾರ ಆಸ್ಪತ್ರೆಯ ಅಂಗಳ ತುಂಬ ಗುಜ್ಜರ್ ಹೆಂಗಸರು. ಆಸ್ಪತ್ರೆಯಲ್ಲಿ ಹೆತ್ತವರು, ಹೆರದವರು, ಮಕ್ಕಳಾಗುವ ಕಾಲ ದಾಟಿದವರು, ಎಲ್ಲರದೂ ಒಂದೇ ಪ್ರಶ್ನೆ. "ನನ್ನೊಳಗೆ ಏನು ಹಾಕಿದ್ದಾರೆ, ನೋಡು."

ನೋಡಿದೆ. ಯಾರೊಳಗೂ ಏನೂ ಇರಲಿಲ್ಲ. ಆದರೆ ಇಲ್ಲ ಅಂದರೆ ಅವರು ನಂಬಲಿಲ್ಲ. ಒಬ್ಬಳಿಗೆ ಇದೆ ಅಂದದ್ದಕ್ಕೆ ನಂಬಿದ್ದರು; ಮಿಕ್ಕವರಿಗೆ ಇಲ್ಲ ಅಂದರೆ ಮುಚ್ಚಿಡುತ್ತಿದ್ದಾಳೆ ಅನ್ನುವ ನೋಟ. ಆ ನೆಪದಲ್ಲಿ ಜನ್ಮದಲ್ಲೇ ಒಮ್ಮೆಯೂ ಪರೀಕ್ಷೆ ಮಾಡಿಸಿಕೊಳ್ಳದ ಹೆಂಗಸರನ್ನು ನೋಡಿದಂತಾಯಿತು. ವರ್ಷಗಟ್ಟಲೆ ಬಿಳಿ ಹೋಗುತ್ತ ಸೊಂಟ ಹಿಡಿದವರು. ಒಬ್ಬಳಿಗಂತೂ ಗರ್ಭಕೋಶ ಪೂರಾ ಕೆಳಗೆ ಜಾರಿತ್ತು. ಬಟ್ಟೆಯ ಉಂಡೆಯಿಂದ ಒತ್ತಿ ಕಟ್ಟಿಕೊಂಡು, ತಲೆಯ ಮೇಲೆ ಮೂಟೆ ಹೊತ್ತು, ವರ್ಷ ವರ್ಷ ಬೆಟ್ಟ ಹತ್ತಿದ್ದಳು. "ಇದು ಎಲ್ಲರಿಗೂ ಹೀಗೇ ಅಲ್ವಾ?" ಎಂದು ಕೇಳಿದಳು. ಅವಳ ಆಪರೇಷನ್ನಿಗೆ ಮನೆಯವರನ್ನು ಒಪ್ಪಿಸುವಷ್ಟರಲ್ಲಿ ಚಳಿಗಾಲ ಮುಗಿಯುತ್ತ ಬಂದಿತ್ತು.

ಟ್ರಸ್ಟಿನ ಮ್ಯಾನೇಜರ್ ನನ್ನನ್ನು ಕರೆದು, "ಮೇಡಂ, ಸುಮ್ಮನೆ ತೆಗೆದು ಕಳಿಸಿದ್ರೆ ಆಗ್ತಿತ್ತು. ಇನ್ನೊಂದು ಆಸ್ಪತ್ರೆಯ ತಪ್ಪು ನಾವ್ಯಾಕೆ ಎತ್ತಿ ಆಡಬೇಕು?" ಅಂದರು. ಆ ಆಸ್ಪತ್ರೆ ಯಾವುದೆಂದು ಹುಡುಕಲು ನಾನು ಯತ್ನಿಸಿದ್ದು ಅವರ ಕಿವಿಗೆ ಬಿದ್ದಿತ್ತು. ದಾರಿಯ ಊರಿನ ಹೆಸರು ಗುಜ್ಜರರಿಗೇ ನೆನಪಿರಲಿಲ್ಲ. ಆ ಕಡೆಯ ಪರಿಚಯದ ಡಾಕ್ಟರೊಬ್ಬರಿಗೆ ಫೋನು ಮಾಡಿದರೆ, "ಅಂಥವರಿಗೆ ಹಾಕಿದ್ರೆ ಒಳ್ಳೇದೇ ಅಲ್ವಾ?" ಎಂದು ನಕ್ಕರು. ಅವರ ಜೊತೆ ಹಳೆಯ ಸ್ನೇಹವಿತ್ತು. ಫೋನಿಟ್ಟ ಮೇಲೆ ಅವರ ವಾರ್ಡಿನಲ್ಲಿ ಏನೇನು ನಡೆಯುತ್ತಿರಬಹುದು ಎಂಬ ಯೋಚನೆ ಹತ್ತಿಕೊಂಡಿತು. ಅಲ್ಲಿಂದೀಚೆಗೆ ಅವರಲ್ಲಿಗೆ ಯಾರನ್ನೂ ಕಳಿಸಿಲ್ಲ.

ಬೇಸಿಗೆಗೆ ಬಿಡಾರ ಎದ್ದಿತು. ಮುಂದಿನ ಚಳಿಗಾಲದಲ್ಲಿ ಅವರು ಮರಳಿ ಬಂದಾಗ ಸೊಸೆ ತುಂಬಿದ ಬಸುರಿ. ಹೆರಿಗೆ ಎಲ್ಲಿ ಎಂಬುದರ ಮೇಲೆ ಅತ್ತೆ ಸೊಸೆಗೆ ಜಗಳ. ಅತ್ತೆ ಗುಡಿಸಲಲ್ಲೇ ಆಗಲಿ ಅಂದಳು. ಸೊಸೆ, "ರಕ್ತ ಹೋಗಿ ಸಾಯೋಕೆ ನನಗೆ ಮನಸ್ಸಿಲ್ಲ" ಅಂದಳು. ಅವಳ ರಕ್ತದ ಮಟ್ಟ ಇನ್ನೂ ಕಡಿಮೆಯೇ ಇತ್ತು. ನಮ್ಮಲ್ಲಿ ರಕ್ತ ಕೊಡುವ ಏರ್ಪಾಡಿಲ್ಲದ್ದರಿಂದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ನಾನೂ ಜೊತೆಯಲ್ಲಿ ಹೋದೆ. ಹೆರಿಗೆ ಕೋಣೆಯೊಳಗೆ ಜೊತೆಗೆ ಒಬ್ಬ ಹೆಂಗಸಿಗೆ ಮಾತ್ರ ಅವಕಾಶ. ನಾನು ಡಾಕ್ಟರು, ನಾನೇ ಹೋಗುವುದು ಎಂದುಕೊಂಡು ಚಪ್ಪಲಿ ಬಿಟ್ಟೆ. ಮುದುಕಿ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು.

ಹಾಗೆ ನಾನು ಮೊದಲ ಸಲ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಯಾರೋ ಗದರಿದ್ದು, ಸ್ಟೀಲಿನ ತಟ್ಟೆ ಸದ್ದಾದದ್ದು, ಮತ್ತೆ ಏನೂ ಕೇಳಿಸದಿದ್ದದ್ದು. ಯಾಕೆ ಇಷ್ಟು ಹೊತ್ತು? ಏನು ಕೊಡುತ್ತಿದ್ದಾರೆ? ನರ್ಸು ಮುಚ್ಚಿದ ಟ್ರೇ ಹಿಡಿದು ಒಳಗೆ ಹೋದಾಗ ಅದರಲ್ಲಿ ಏನಿದೆ ಎಂದು ನೋಡಲು ಕತ್ತು ಚಾಚಿದೆ. ನನ್ನ ಪಕ್ಕ ಕೂತಿದ್ದ ಗಂಡನೂ ಚಾಚಿದ.

ಕೊನೆಗೆ ಮುದುಕಿ ಹೊರಗೆ ಬಂದಳು. ಅವಳ ಬಾಯಿಂದ ಬಂದ ಮೊದಲ ಮಾತು, "ಏನೂ ಹಾಕಲಿಲ್ಲ. ನಾನು ಕಣ್ಣು ಮಿಟುಕಿಸದೆ ನೋಡ್ತಿದ್ದೆ." ಆಮೇಲೆ ಮಗನ ಕಡೆ ತಿರುಗಿ, "ಹೆಣ್ಣು. ಗಟ್ಟಿಯಾಗಿದೆ" ಅಂದಳು. ಅವನು ಅಲ್ಲಾಹನ ಹೆಸರು ಹೇಳಿ ಎದ್ದು ನಿಂತ.

ಒಳಗೆ ಡಾಕ್ಟರು ಕಾಪರ್-ಟಿ ಬೇಕೇ ಎಂದು ಸೊಸೆಯನ್ನು ಕೇಳಿದ್ದರಂತೆ. ಕೇಳಿದರಲ್ಲ ಎಂದು ನನಗೆ ಎಷ್ಟೋ ನೆಮ್ಮದಿಯಾಯಿತು. ಮುದುಕಿಗೆ ಆಗಿರಲಿಲ್ಲ. ನನ್ನ ತೋಳು ಹಿಡಿದು ಮಗನಿಗೆ ಕೇಳಿಸದಷ್ಟು ದೂರ ಕರೆದೊಯ್ದಳು.

"ಅವಳು ಏನಂದ್ಳು ಗೊತ್ತಾ? ಈಗ ಬೇಡ, ಬೇಕಾದಾಗ ನಾನೇ ಬಂದು ಕೇಳ್ತೀನಿ ಅಂದ್ಳು. ಬೇಕಾದಾಗ ಅಂದ್ರೆ ಏನು? ನೀನೇ ಹೇಳಿಕೊಟ್ಯಾ?"

"ಇಲ್ಲಮ್ಮಾ. ನಾನೇನೂ ಹೇಳಿಕೊಟ್ಟಿಲ್ಲ."

ಅದು ನಿಜವಾಗಿತ್ತು. ಮುದುಕಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದ ಹಾಗೆ ಕಾಣಲಿಲ್ಲ. ಆದರೂ ತೋಳು ಬಿಡದೆ, ಮಗು ನೋಡಲು ಬಾ ಎಂದು ನನ್ನನ್ನು ಒಳಗೆ ಎಳೆದುಕೊಂಡು ಹೋದಳು.